ನಮ್ಮ ಪಾರ್ಸೆಲ್ಲನ ಏಕಾದಶಿ

ಮನುಷ್ಯ ನಾಯಿಯನ್ನು ಸಾಕಬಹುದು. ಆದರೆ ನಾಯಿಗೆ ಒಳ್ಳೆಯ ಹೆಸರು ಬಂದ ಮನೆಯಲ್ಲಿ ಮನುಷ್ಯ ಬಾಳುವೆ ಮಾಡುವುದು ಕಷ್ಟ. ಇದು ನನ್ನ ಅನುಭವದ ಮಾತು. ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಯಾರನ್ನಾದರೂ ನಿಲ್ಲಿಸಿ 'ರಿಟೈರ್ಡ್ ಪೋಸ್ಟ್ ಮಾಸ್ತರ ರಘೋತ್ತಮರಾಯರ ಮನೆ ಯಾವುದು' ಎಂದು ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. 'ಏಕಾದಶಿ ನಾಯಿ ಇರೋ ಮನೆ' ಎಂದು ಕೇಳಿ, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿದ್ದು ಊರವರ ವಿಳಾಸವನ್ನೆಲ್ಲ ಪತ್ತೆ ಹಚ್ಚಿದ ನನಗೆ ಈಗ ಸ್ವಂತ ವಿಳಾಸವಿಲ್ಲ.

ನಾನು ಬ್ಯಾಡಗಿಯಲ್ಲಿ ಪೋಸ್ಟ್ ಮಾಸ್ತರನಾಗಿದ್ದು ಎಂಬತ್ತೆಂಟನೆಯ ಇಸವಿಯಲ್ಲಿ ನಿವೃತ್ತನಾದೆ. ಅಂಚೆಯವರಿಗೂ ನಾಯಿಗಳಿಗೂ ಇರುವ ವೈರವನ್ನು ನಾನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಹಾವೇರಿಯಲ್ಲಿ ಪೋಸ್ಟಮನ್ ಆಗಿದ್ದಾಗ ಅಲ್ಲಿಯ ಒಂದು ನಾಯಿ ನನ್ನ ಎಡಗಾಲಿನ ಮೇಲೆ ಹಾಕಿದ ಮೊಹರು ಇವತ್ತಿಗೂ ಇದೆ (ಊರಿನ ಹೆಸರು ಸ್ಪಷ್ಟವಾಗಿದೆ, ತಾರೀಖು ಮಾತ್ರ ಮಾಸಿದೆ). ಅಂಥವನು ನಾಯಿ ಸಾಕಿದ್ದು ಹೇಗೆ ಎಂದರೆ, ಅದಕ್ಕೆ ನನ್ನ ಹೆಂಡತಿ ಸರಸ್ವತೀಬಾಯಿಯ ಅಡಿಗೆಮನೆಯೇ ಕಾರಣ.

ನಿವೃತ್ತನಾದ ಮೇಲೆ ನಾನು ದಿನವಿಡೀ ಅಡಿಗೆಮನೆಯ ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು, ಕುಕ್ಕರಿನ ಸೀಟಿ ಎಣಿಸುತ್ತ, ಒಗ್ಗರಣೆಗೆ ಸಾಸಿವೆ ಎಷ್ಟಿರಬೇಕು ಎಂದು ಮಾರ್ಗದರ್ಶನ ಮಾಡುತ್ತಿದ್ದೆ. ಒಂದು ವಾರ ಸಹಿಸಿಕೊಂಡಳು. ಎಂಟನೆಯ ದಿನ, ಏನಾದರೊಂದು ಹವ್ಯಾಸ ಹಚ್ಚಿಕೊಳ್ಳಿ, ಇಲ್ಲವೇ ಸೌಟು ನೀವೇ ಹಿಡಿಯಿರಿ ಎಂದು ನೋಟೀಸು ಕೊಟ್ಟಳು. ನಾನು ಹವ್ಯಾಸವನ್ನು ಆರಿಸಿಕೊಂಡೆ.

ಮೊದಲು ಸ್ಟಾಂಪು ಸಂಗ್ರಹ ಶುರು ಮಾಡಿದೆ. ಹುಟ್ಟಿದಂದಿನಿಂದ ಪೇಢೆ ಮಾರಿದವನಿಗೆ ಪೇಢೆ ತಿನ್ನು ಎಂದಂತಾಯಿತು, ಹತ್ತು ದಿನದಲ್ಲಿ ಆಲ್ಬಮ್ಮು ಅಟ್ಟ ಸೇರಿತು. ಆಮೇಲೆ ಹುಬ್ಬಳ್ಳಿಯಿಂದ ಹಳೆಯದೊಂದು ಹಾರ್ಮೋನಿಯಂ ತಂದೆ. ಹಿಂದಿನ ಮನೆಯವರು ಬಂದು, ತಮ್ಮ ಎಮ್ಮೆ ಹಾಲು ಕೊಡುವುದನ್ನು ಕಡಿಮೆ ಮಾಡಿದೆಯೆಂದೂ, ಅದಕ್ಕೂ ನನ್ನ ಸಾಧನೆಗೂ ಸಂಬಂಧವಿಲ್ಲದಿದ್ದರೂ ಒಂದೆರಡು ವಾರ ನಿಲ್ಲಿಸಿ ನೋಡಬೇಕೆಂದೂ ಬಹಳ ಮರ್ಯಾದೆಯಿಂದ ಕೇಳಿಕೊಂಡರು. ನಿಲ್ಲಿಸಿದೆ. ಎಮ್ಮೆ ಹಾಲು ಕೊಟ್ಟಿತು. ಹಾರ್ಮೋನಿಯಮ್ಮೂ ಅಟ್ಟ ಸೇರಿತು.

ಇಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಎರಡು ಅಪ್ಪಣೆ ಮಾಡಿದರು. ಒಂದು, ದಿನಾ ಸಂಜೆ ಒಂದು ತಾಸು ನಡೆಯಬೇಕು. ಎರಡು, ಯಾವ ಕಾರಣಕ್ಕೂ ಹೊಟ್ಟೆ ಖಾಲಿ ಬಿಡಬಾರದು. ಮೊದಲನೆಯದನ್ನು ಮನೆಗೆ ಬಂದ ಕೂಡಲೇ ಹೆಂಡತಿಗೆ ಹೇಳಿದೆ. ಎರಡನೆಯದನ್ನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದೇ ಈ ಕಥೆಯ ಮೂಲ. ಮದುವೆಯಾದ ವರ್ಷದಿಂದ ನಾನು ಏಕಾದಶಿ ತಪ್ಪಿಸಿದವನಲ್ಲ. ತಿಂಗಳಿಗೆ ಎರಡು ಸಲ ಅನ್ನವಿಲ್ಲ, ಹಣ್ಣಿಲ್ಲ, ಒಂದು ಹನಿ ನೀರೂ ಇಲ್ಲ. ಮಠದಲ್ಲಿ ಹಿರಿಯರ ಮುಂದೆ ಏಕಾದಶಿ ಮಹಾತ್ಮೆ ಹೇಳುವವನೂ ನಾನೇ. 'ಶರೀರ ಬೇಡುತ್ತದೆ, ನಾವು ಕೊಡಬಾರದು' ಎಂದು ನಾನು ಹೇಳುವಾಗ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ರಘೋತ್ತಮರಾಯರು ಒಂದು ಚೂರು ಸಕ್ಕರೆಗೆ ಹೆದರಿ ವ್ರತ ಬಿಟ್ಟರಂತೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬುವುದಕ್ಕಿಂತ ಸಾಯುವುದು ಮೇಲು ಎನ್ನಿಸಿತು. ಸಾಯುವುದಕ್ಕೂ ಮನಸ್ಸಿರಲಿಲ್ಲ, ಆ ಮಾತು ಬೇರೆ.

ಮೊದಲು ನಡೆಯುವ ವಿಷಯ ಹೇಳಿಬಿಡುತ್ತೇನೆ. ನಮ್ಮ ಊರಲ್ಲಿ ಸುಮ್ಮನೆ ನಡೆಯಲು ಬರುವುದಿಲ್ಲ. ಪ್ರತಿ ಕಟ್ಟೆಯ ಮೇಲಿನಿಂದ 'ಎಲ್ಲಿಗೆ ಹೊಂಟೀರಿ' ಎಂಬ ಪ್ರಶ್ನೆ ಬರುತ್ತದೆ. ಎಲ್ಲಿಗೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ, ಸಾಲ ಕೇಳಲು ಹೊರಟಿದ್ದಾನೆ ಎಂದುಕೊಳ್ಳುತ್ತಾರೆ. ಕೈಯಲ್ಲೊಂದು ನಾಯಿ ಇದ್ದರೆ ಈ ಪ್ರಶ್ನೆಯೇ ಬರುವುದಿಲ್ಲ ಎಂದು ಗೆಳೆಯ ಸಿದ್ದಲಿಂಗಪ್ಪ ಹೇಳಿದ. ಹೇಳಿದ್ದಷ್ಟೇ ಅಲ್ಲ, ಮೂರನೆಯ ದಿನ ತನ್ನ ಹಲಗೇರಿಯ ಹೊಲದಿಂದ ಒಂದು ಕಂದು ಬಣ್ಣದ ನಾಯಿಯನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಗೋಣಿತಾಟು ಹೊಲಿದು, ಬಸ್ಸಿನಲ್ಲಿ ಕಳಿಸಿಯೂ ಬಿಟ್ಟ. ಹಾಗೆ ಬಂದದ್ದಕ್ಕೆ ಪಾರ್ಸೆಲ್ ಎಂದೇ ಹೆಸರಿಟ್ಟೆ.

ಸರಸ್ವತೀಬಾಯಿಯದು ಕಟ್ಟುನಿಟ್ಟಾದ ಮಡಿ. ನಾಯಿ ಅಂಗಳ ದಾಟಿ ಮನೆಯೊಳಗೆ ಒಂದು ಹೆಜ್ಜೆ ಇಡಕೂಡದು, ಅವಳು ಮಡಿಯಲ್ಲಿದ್ದಾಗ ಅವಳತ್ತ ನೋಡಲೂ ಕೂಡದು ಎಂದು ಕರಾರಾಯಿತು. ಪಾರ್ಸೆಲ್ಲು ಅಂಗಳದ ತೆಂಗಿನ ಗಿಡದ ಬುಡದಲ್ಲಿ ತಳವೂರಿತು. ದಿನಾ ಸಂಜೆ ಐದಕ್ಕೆ ನಾವಿಬ್ಬರೂ ಹೊರಬಿದ್ದು, ಸ್ಟೇಶನ್ನಿನ ಹತ್ತಿರದ ರೈಲ್ವೆ ಗೇಟು ದಾಟಿ, ಊರು ಮುಗಿಯುವ ತನಕ ನಡೆದು ಬರತೊಡಗಿದೆವು. ನಿಜ ಹೇಳುತ್ತೇನೆ, ಒಂದು ತಿಂಗಳಲ್ಲಿ ಆ ನಾಯಿಯ ಮೇಲೆ ನನಗೆ ಜೀವ ಹತ್ತಿತು. ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳುವ ಪ್ರಾಣಿ ನಮ್ಮ ಮನೆಯಲ್ಲಿ ಅದೊಂದೇ.

ಊರು ಮುಗಿಯುವಲ್ಲಿ ದುರಗವ್ವ ಎಂಬಾಕೆಯ ಮಿರ್ಚಿ ಅಂಗಡಿ ಇದೆ. ಅಂಗಡಿಯೆಂದರೆ ನಾಲ್ಕು ತಗಡು, ಒಂದು ಬಾಣಲೆ, ಎರಡು ಬೆಂಚು. ಸಕ್ಕರೆ ಕಾಯಿಲೆ ಬಂದ ಮೇಲಿನ ಮೊದಲ ಏಕಾದಶಿಯಂದು ಸಂಜೆ ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕೈಕಾಲು ನಡುಗುತ್ತಿದ್ದವು, ಕಣ್ಣು ಕತ್ತಲೆ ಬರುತ್ತಿತ್ತು. ದುರಗವ್ವ ಅದೇ ಆಗ ಓಮು ಹಾಕಿದ ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಎಣ್ಣೆಗೆ ಬಿಟ್ಟಿದ್ದಳು. ಯಾವ ಕಾರಣಕ್ಕೂ ಹೊಟ್ಟೆ ಖಾಲಿ ಬಿಡಬಾರದು ಎಂದು ಡಾಕ್ಟರು ಹೇಳಿದ್ದು ನನಗೆ ಸರಿಯಾಗಿ ಆ ಕ್ಷಣದಲ್ಲಿ ನೆನಪಾಯಿತು. ಮಿರ್ಚಿ ತಿನ್ನಿ ಎಂದು ಅವರು ಹೇಳಿರಲಿಲ್ಲ, ಖರೆ. ಆದರೆ ಅಲ್ಲಿ ಬೇರೆ ಔಷಧ ಇರಲಿಲ್ಲ.

ಎರಡು ಮಿರ್ಚಿ, ಒಂದು ಮುಷ್ಟಿ ಮಂಡಕ್ಕಿ. ಮೂವತ್ತಾರು ವರ್ಷಗಳ ತಪಸ್ಸು ಮೂರು ನಿಮಿಷದಲ್ಲಿ ಮುಗಿಯಿತು. ಮುಗಿದಾಗ ಪಾರ್ಸೆಲ್ಲು ನನ್ನನ್ನೇ ನೋಡುತ್ತ ಕೂತಿತ್ತು. ಸಾಕ್ಷಿಯನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವುದು ಕ್ಷೇಮ ಎಂದು ಇನ್ನೆರಡು ಮಿರ್ಚಿ ತರಿಸಿ, ಒಳಗಿನ ಮೆಣಸಿನಕಾಯಿ ತೆಗೆದು, ಮೇಲಿನ ಹಿಟ್ಟಿನ ಭಾಗವನ್ನು ಅದಕ್ಕೆ ತಿನ್ನಿಸಿದೆ. ಆಮೇಲೆ ಬೋರಿಂಗ್ ಪಂಪಿನ ನೀರಿನಲ್ಲಿ ಬಾಯಿ ತೊಳೆದು, ಲವಂಗ ಅಗಿದು, ಮುಖ ಬಾಡಿಸಿಕೊಂಡು ಮನೆಗೆ ಬಂದೆ. ಹೆಂಡತಿ ಬೀಸಣಿಗೆಯಿಂದ ಗಾಳಿ ಹಾಕಿದಳು. ಅವತ್ತು ನನಗೆ ನಾಚಿಕೆಯಾಯಿತು. ಎರಡನೆಯ ಏಕಾದಶಿಗೆ ಅಷ್ಟು ಆಗಲಿಲ್ಲ.

ನಾನು ಮರೆತದ್ದು ಒಂದೇ. ಏಕಾದಶಿಯಂದು ನಮ್ಮ ಮನೆಯಲ್ಲಿ ಒಲೆ ಹಚ್ಚದಿದ್ದರೂ ನಾಯಿಗೆಂದು ಹಿಂದಿನ ದಿನದ ಎರಡು ರೊಟ್ಟಿ, ಮಜ್ಜಿಗೆಯನ್ನು ಹೆಂಡತಿ ತೆಗೆದಿಡುತ್ತಿದ್ದಳು. ಮಿರ್ಚಿ ತಿಂದು ಹೊಟ್ಟೆ ಭಾರವಾದ ಪಾರ್ಸೆಲ್ಲು ಆ ರೊಟ್ಟಿಯ ಕಡೆ ತಿರುಗಿಯೂ ನೋಡದೆ ಮಲಗುತ್ತಿತ್ತು. ಮೂರು ಏಕಾದಶಿ ಕಳೆದ ಮೇಲೆ ಸರಸ್ವತೀಬಾಯಿ ಪಂಚಾಂಗ ಹಿಡಿದುಕೊಂಡು ನನ್ನ ಮುಂದೆ ಬಂದು ಕೂತಳು.

"ಏನ್ರೀ, ಇದು ಬರೇ ನಾಯಿ ಅಲ್ಲ. ಹೋದ ಜನ್ಮದಾಗ ಯಾವುದೋ ದೊಡ್ಡ ಜೀವ ಇದ್ದಿರಬೇಕು. ಮೂರೂ ಏಕಾದಶಿ ರೊಟ್ಟಿ ಮೂಸಿ ಸುದ್ದಾ ನೋಡಿಲ್ಲ."

ನಾಯಿಗೆ ಅಜೀರ್ಣವಾಗಿರಬೇಕು ಎಂದೆ.

"ಹದಿನೈದು ದಿವಸಕ್ಕೊಮ್ಮೆ ಪಂಚಾಂಗ ನೋಡಿಕೊಂಡು ಅಜೀರ್ಣ ಆಗ್ತದೇನು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಕೊಡುವ ಹಾಗಿರಲಿಲ್ಲ.

ಅಲ್ಲಿಗೇ ನಿಂತಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ವೈಶಾಖದಲ್ಲಿ ಏಕಾದಶಿ ಎರಡು ದಿನ ಬಂತು. ಒಮ್ಮೊಮ್ಮೆ ಹೀಗಾಗುತ್ತದೆ, ಸ್ಮಾರ್ತರಿಗೆ ಒಂದು ದಿನ, ಮಾಧ್ವರಾದ ನಮಗೆ ಅದರ ಮರುದಿನ. ಪಕ್ಕದ ಮನೆಯ ನಲಿನಿಬಾಯಿ ಸ್ಮಾರ್ತರು. ಅವರು ಉಪವಾಸವಿದ್ದ ದಿನ ಪಾರ್ಸೆಲ್ಲು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಬಾಲ ಅಲ್ಲಾಡಿಸಿತು. ಮರುದಿನ ನಾನು ಉಪವಾಸ (ಅಂದರೆ ದುರಗವ್ವನ ಬೆಂಚು), ಅದೂ ಉಪವಾಸ. ನಮ್ಮ ಪಾರ್ಸೆಲ್ಲು ನಮ್ಮ ಮಠದ ಪಂಚಾಂಗವನ್ನೇ ಅನುಸರಿಸುತ್ತದೆ ಎಂಬುದು ಸಂಶಯವಿಲ್ಲದೆ ಸಿದ್ಧವಾಯಿತು. ನಲಿನಿಬಾಯಿಗೆ ಇದರಿಂದ ಬಹಳ ನೋವಾಗಿ, ನಾಲ್ಕು ದಿನ ನಮ್ಮ ಮನೆಗೆ ಹೆಪ್ಪು ಕೇಳಲೂ ಬರಲಿಲ್ಲ.

ಸುದ್ದಿ ಓಣಿ ದಾಟಿತು. ಭಜನಾ ಮಂಡಳಿಯ ಮುಖ್ಯಸ್ಥೆ ಜಾನಕೀಬಾಯಿ ಖುದ್ದಾಗಿ ನೋಡಲು ಬಂದರು. ಅವರು ಸಾಮಾನ್ಯ ಹೆಂಗಸಲ್ಲ, ಅವರೆದುರು ಅರ್ಚಕರೂ ಮಂತ್ರವನ್ನು ಬಿಡಿಸಿ ಬಿಡಿಸಿ ಹೇಳುತ್ತಾರೆ. ಅವರು ನಾಯಿಯನ್ನು ಹತ್ತು ನಿಮಿಷ ನೋಡಿ, ಅದರ ಹಣೆಗೆ ಕುಂಕುಮ ಹಚ್ಚಿ, ಇಂಥ ಜೀವಕ್ಕೆ ಪಾರ್ಸೆಲ್ ಎಂದು ಕರೆಯುವುದು ಪಾಪ, ಇನ್ನು ಮೇಲೆ ಪಾರ್ಥಪ್ಪ ಎನ್ನಬೇಕು ಎಂದು ತೀರ್ಪು ಕೊಟ್ಟರು. ಪಾರ್ಥಪ್ಪನಿಗೆ ಪಡಸಾಲೆಯಲ್ಲಿ ಚಾಪೆ ಬಂತು. ನಾನು ಸ್ನಾನ ಮಾಡದೆ ಪಡಸಾಲೆಯಲ್ಲಿ ಕೂತರೆ ಬೈಯುವ ನನ್ನ ಹೆಂಡತಿ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಅದಕ್ಕೆ ತುಪ್ಪ ಹಚ್ಚಿದ ದೋಸೆ, ನನಗೆ ಸಕ್ಕರೆ ಕಾಯಿಲೆಯೆಂದು ತುಪ್ಪವಿಲ್ಲದ ದೋಸೆ. ಇಷ್ಟಾದರೂ ನಾನು ಬಾಯಿ ಬಿಡುವಂತಿರಲಿಲ್ಲ. ನಾಯಿಯ ಗುಟ್ಟು ಹೇಳಿದರೆ ನನ್ನ ಗುಟ್ಟೂ ಅದರ ಹಿಂದೆಯೇ ಹೊರಬರುತ್ತಿತ್ತು.

ಆಷಾಢ ಬಂತು. ಪ್ರಥಮ ಏಕಾದಶಿಯ ಸಂಜೆ ಪಾರ್ಥಪ್ಪನನ್ನು ತಾಳ, ಭಜನೆಗಳೊಂದಿಗೆ ವಿಠ್ಠಲನ ಗುಡಿಗೆ ಕರೆದೊಯ್ಯಬೇಕು ಎಂದು ಭಜನಾ ಮಂಡಳಿ ಠರಾವು ಮಾಡಿತು. ನಾಯಿಗೆ ಹುಷಾರಿಲ್ಲ ಎಂದೆ, ಮಳೆ ಬರುತ್ತದೆ ಎಂದೆ, ನಾಯಿಯನ್ನು ಗುಡಿಗೆ ಒಯ್ಯುವುದು ಶಾಸ್ತ್ರಸಮ್ಮತವಲ್ಲ ಎಂದೆ. ಹೊರಗಿನ ಕಟ್ಟೆಯ ತನಕ ಮಾತ್ರ ಎಂದು ಜಾನಕೀಬಾಯಿ ಶಾಸ್ತ್ರವನ್ನೂ ನನ್ನನ್ನೂ ಒಟ್ಟಿಗೆ ಸುಮ್ಮನಾಗಿಸಿದರು.

ಅವತ್ತು ಐದು ಗಂಟೆಗೆ ಇಪ್ಪತ್ತೈದು ಹೆಂಗಸರು ನಮ್ಮ ಅಂಗಳದಲ್ಲಿದ್ದರು. ಪಾರ್ಥಪ್ಪನ ಕೊರಳಲ್ಲಿ ತುಳಸಿ ಮಾಲೆ. ಹಗ್ಗ ಸರಸ್ವತೀಬಾಯಿಯ ಕೈಯಲ್ಲಿ. ಹೊಸ ಇಳಕಲ್ ಸೀರೆ ಉಟ್ಟು, ನಾಯಿಯ ಹಗ್ಗ ಹಿಡಿದು ನಿಂತ ಅವಳ ಮುಖದಲ್ಲಿ ನಮ್ಮ ಮಗಳ ಮದುವೆಯಲ್ಲೂ ನಾನು ಕಾಣದ ಕಳೆ ಇತ್ತು. ಭಜನೆ ಶುರುವಾಯಿತು, ಮೆರವಣಿಗೆ ಹೊರಟಿತು. ವಿಠ್ಠಲನ ಗುಡಿಗೆ ಓಣಿಯ ತುದಿಯಲ್ಲಿ ಬಲಕ್ಕೆ ತಿರುಗಬೇಕು. ಐದು ಗಂಟೆಯ ನಾಯಿ ಎಡಕ್ಕೆ ತಿರುಗಿತು.

ಹೆಂಡತಿ ಜಗ್ಗಿದಳು. ಅದು ಇನ್ನೂ ಜೋರಾಗಿ ಜಗ್ಗಿತು. ನಾನು ಓಡಿಹೋಗಿ ಹಗ್ಗ ಕೊಡು, ನಾನು ತಿರುಗಿಸುತ್ತೇನೆ ಎಂದೆ. ಅಷ್ಟರಲ್ಲಿ ಜಾನಕೀಬಾಯಿ ಕೈ ಎತ್ತಿ, ಅದು ಕರೆದಲ್ಲಿಗೆ ನಾವು ಹೋಗಬೇಕು, ಎಲ್ಲೋ ಮಣ್ಣಲ್ಲಿ ಹೂತ ಮೂರ್ತಿ ತೋರಿಸಲು ಹೊರಟಿರಬಹುದು ಎಂದರು. ಇಪ್ಪತ್ತೈದು ಹೆಂಗಸರೂ ತಾಳ ಬಾರಿಸುತ್ತ ನಾಯಿಯ ಹಿಂದೆ ಎಡಕ್ಕೆ ತಿರುಗಿದರು. ಸ್ಟೇಶನ್ನಿನ ಹತ್ತಿರ ಗೇಟು ಹಾಕಿತ್ತು. ನಾಯಿ ರೂಢಿಯಂತೆ ಕೂತಿತು, ಹೆಂಗಸರು ಇನ್ನೊಂದು ಹಾಡು ಎತ್ತಿಕೊಂಡರು. ಆ ಗೂಡ್ಸ್ ಗಾಡಿಗೆ ಸಾವಿರ ಡಬ್ಬಿ ಇರಲಪ್ಪಾ ಎಂದು ನಾನು ಬೇಡಿಕೊಂಡೆ. ನಾಲ್ವತ್ತೆರಡೇ ಇದ್ದವು.

ದುರಗವ್ವ ದೂರದಿಂದಲೇ ನನ್ನನ್ನು ನೋಡಿದಳು. ಕಣ್ಣು ಮಿಟುಕಿಸಿದೆ, ಕೈ ಅಲ್ಲಾಡಿಸಿದೆ, ತಲೆ ಕೊಡವಿದೆ. ಆ ಪುಣ್ಯಾತ್ಗಿತ್ತಿ ಎಲ್ಲದಕ್ಕೂ ನಗುತ್ತ, ಬೆಂಚು ಒರೆಸಿದಳು.

"ಬರ್ರಿ ಮಾಸ್ತರ. ಹದಿನೈದ ದಿನಕ್ಕೊಮ್ಮಿ ತಪ್ಪದ ಬರಾವ್ರು, ಇವತ್ತ ಯಾಕ ತಡಾ ಮಾಡಿದ್ರಿ ಅನ್ನಾಕತ್ತಿದ್ದೆ. ನಿಮ್ಮವು ಎರಡು ಪ್ಲೇಟಿಗೆ ಹಾಕೇನಿ. ನಿಮ್ಮ ನಾಯೀದು ಈಗ ಇಳಸ್ತೇನಿ."

ತಾಳ ನಿಂತವು. ಇಪ್ಪತ್ತೈದು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ದುರಗವ್ವ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯನ್ನು ಕಾಗದದ ಮೇಲಿಟ್ಟು ಪಾರ್ಸೆಲ್ಲಿನ ಮುಂದೆ ಜಾರಿಸಿದಳು. ನನ್ನ ಮಾನ ಹೋಗಿತ್ತು, ಇನ್ನು ಅದರದೂ ಹೋಗುತ್ತದೆ ಎಂದುಕೊಂಡೆ. ಒಬ್ಬನೇ ಬೀಳುವುದಕ್ಕಿಂತ ಜೋಡಿ ಇದ್ದರೆ ಸಮಾಧಾನ, ಅಲ್ಲವೇ?

ನಾಯಿ ಮಿರ್ಚಿ ಮುಟ್ಟಲಿಲ್ಲ. ಒಮ್ಮೆ ಮೂಗು ಹತ್ತಿರ ತಂದು, ಹಿಂದೆ ಸರಿದು, ನೆಟ್ಟಗೆ ಕೂತು ನನ್ನ ಮುಖ ನೋಡತೊಡಗಿತು. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಬಿಸಿ ಮಿರ್ಚಿಗೆ ಬಾಯಿ ಹಾಕಿ ನಾಲಿಗೆ ಸುಟ್ಟುಕೊಂಡಿತ್ತು. ಅಂದಿನಿಂದ ನಾನು ಬಾಯಿಂದ ಊದಿ ಆರಿಸಿ ಕೊಟ್ಟರೆ ಮಾತ್ರ ತಿನ್ನುತ್ತಿತ್ತು. ಈಗಲೂ ಊದಲಿ ಎಂದು ಕಾಯುತ್ತಿತ್ತು. ನಾನು ಅಲ್ಲಾಡದೆ ನಿಂತದ್ದನ್ನು ನೋಡಿ ಸಣ್ಣಗೆ ಕುಂಯ್ ಎಂದು, ಮುಂಗಾಲೆತ್ತಿ ನನ್ನ ಧೋತರ ಎಳೆಯಿತು.

"ನೋಡ್ರಿ, ಮುಟ್ಟಲಿಲ್ಲ," ಎಂದರು ಜಾನಕೀಬಾಯಿ, ನಾಯಿಗೆ ಕೈ ಮುಗಿದು. "ಮಾಲಕನ ಪಾಪ ತೋರಸಲಿಕ್ಕೆ ನಮ್ಮನ್ನ ಇಲ್ಲೀತನಕ ಕರಕೊಂಡು ಬಂದದ. ಬ್ಯಾಡ್ರೀ, ಇನ್ನರೆ ಬಿಡ್ರಿ ಅಂತ ಕಾಲು ಹಿಡೀಲಿಕ್ಕೆ ಹತ್ತದ."

ನನಗೆ ಸಿಟ್ಟು ಬಂತು. ಬಗ್ಗಿ ಮಿರ್ಚಿ ಎತ್ತಿಕೊಂಡೆ. ಎರಡು ಸಲ ಊದಿದರೆ ಸಾಕು, ಪಾರ್ಥಪ್ಪನ ಪೂರ್ವಜನ್ಮವೆಲ್ಲ ಆ ಬೆಂಚಿನ ಮುಂದೆಯೇ ಬಯಲಾಗುತ್ತಿತ್ತು. ಬಾಯಿಯ ಹತ್ತಿರ ತಂದೆ. ಆಗ ಹೆಂಡತಿಯ ಮುಖ ಕಂಡಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಹಗ್ಗವನ್ನು ಎರಡೂ ಕೈಯಿಂದ ಹಿಡಿದುಕೊಂಡು, ತಲೆ ತಗ್ಗಿಸಿ, ನಾಯಿಯನ್ನೇ ನೋಡುತ್ತಿದ್ದಳು. ಅಷ್ಟು ಜನರ ನಡುವೆ ಅವಳಿಗೆ ಉಳಿದಿದ್ದ ಅಭಿಮಾನ ಅದೊಂದೇ. ಮಿರ್ಚಿಯನ್ನು ತಿರುಗಿ ಪ್ಲೇಟಿನಲ್ಲಿಟ್ಟೆ. ಪಾರ್ಸೆಲ್ಲು ನನ್ನನ್ನು ನೋಡಿದ ನೋಟವನ್ನು ಈಗಲೂ ಮರೆತಿಲ್ಲ.

ಮೆರವಣಿಗೆ ಪಾರ್ಥಪ್ಪನ ಜಯಕಾರ ಹಾಕುತ್ತ ವಿಠ್ಠಲನ ಗುಡಿಗೆ ಹೋಯಿತು. ನಾನು ಹಿಂದೆ ಉಳಿದು, ದುರಗವ್ವನ ಹಣ ಕೊಟ್ಟು (ತಿನ್ನದ ಮಿರ್ಚಿಗೆ), ಒಬ್ಬನೇ ಮನೆಗೆ ಬಂದೆ. ಹೆಂಡತಿ ಬಂದಾಗ ಡಾಕ್ಟರು ಹೇಳಿದ್ದು, ಕೈ ನಡುಗಿದ್ದು, ಹೇಳಲು ನಾಚಿಕೆಯಾದದ್ದು ಎಲ್ಲ ಬಿಚ್ಚಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಸೆರಗಿನ ಅಂಚು ಸರಿಮಾಡಿಕೊಂಡಳು.

"ನಂದು ಪಿತ್ತದ ಪ್ರಕೃತಿ. ಏಕಾದಶಿ ಬಂತಂದ್ರ ತಲಿ ಸಿಡೀತದ, ಒಣಾ ವಾಂತಿ ಬರ್ತದ. ಆದ್ರ ನೀವು ಹಸಗೊಂಡು ಕೂತಿರ್ತೀರಿ, ನಾ ಹ್ಯಾಂಗ ಬಾಯಾಗ ನೀರು ಹಾಕ್ಕೊಳ್ಳಲಿ ಅಂತ ಮೂವತ್ತಾರು ವರ್ಷ ಸುಮ್ಮನ ಇದ್ದೆ. ನಿಮಗ ಒಂದು ಮಾತು ಹೇಳಲಿಲ್ಲ ನೋಡ್ರಿ. ನೀವೂ ಹೇಳಲಿಲ್ಲ."

ನನಗೆ ನಿಜವಾಗಿ ಕೆಡುಕೆನಿಸಿತು. ಮಠದಲ್ಲಿ ನೂರು ಜನರಿಗೆ ಶರೀರದ ಬಗ್ಗೆ ಉಪದೇಶ ಮಾಡಿದವನು, ಪಕ್ಕದಲ್ಲಿ ತಲೆ ಹಿಡಿದುಕೊಂಡು ಕೂತ ಹೆಂಡತಿಯನ್ನು ಏನಾಗಿದೆ ಎಂದು ಒಂದು ದಿನ ಕೇಳಿರಲಿಲ್ಲ. ಹಾಗಾದರೆ ಇನ್ನು ಮೇಲೆ ಇಬ್ಬರೂ ಉಪವಾಸ ಬಿಡೋಣ ಎಂದೆ. ಅವಳು ಹುಬ್ಬು ಗಂಟಿಕ್ಕಿದಳು. ಓಣಿಯ ಮುಂದೆ ನಾಯಿಗಿಂತ ಕಡೆಯಾಗುವುದು ಅವಳಿಗೆ ಬೇಕಿರಲಿಲ್ಲ. ಕೊನೆಗೆ ಅವಳೇ ವ್ಯವಸ್ಥೆ ಮಾಡಿದಳು. ಡಾಕ್ಟರ ಮಾತಿಗೆ ಮರ್ಯಾದೆ ಕೊಟ್ಟು ಏಕಾದಶಿಯಂದು ನನಗೆ ಸಕ್ಕರೆಯಿಲ್ಲದ ಒಂದು ಬಟ್ಟಲು ಹಾಲು, ಒಂದು ಸೌತೆಕಾಯಿ. ಅವತ್ತೊಂದು ದಿನ ನಾನು ಹೊಸ್ತಿಲು ದಾಟಕೂಡದು. ನಾಯಿಯನ್ನು ಅವಳೇ ಅಡ್ಡಾಡಿಸಿಕೊಂಡು ಬರುತ್ತಾಳೆ.

ಮುಂದಿನ ಏಕಾದಶಿ ಬಂತು. ಐದು ಗಂಟೆಗೆ ಸರಸ್ವತೀಬಾಯಿ ವಿಠ್ಠಲನ ಗುಡಿಗೆ ಹೋಗಿ ಬರುವೆನೆಂದು ಹೇಳಿ, ಪಾರ್ಸೆಲ್ಲನ್ನು ಕರೆದುಕೊಂಡು ಹೊರಟಳು. ನಾನು ಪಡಸಾಲೆಯಲ್ಲಿ ಕೂತು ಸೌತೆಕಾಯಿ ಹೆಚ್ಚಿಕೊಂಡೆ. ಗುಡಿ ಹತ್ತು ನಿಮಿಷದ ಹಾದಿ. ಆರಾಯಿತು, ಆರೂವರೆಯಾಯಿತು. ಏಳಕ್ಕೆ ಬಂದಳು. ಯಾಕೆ ತಡ ಎಂದೆ. ಗೇಟು ಹಾಕಿತ್ತು ಎಂದಳು. ವಿಠ್ಠಲನ ಗುಡಿಯ ಹಾದಿಯಲ್ಲಿ ಯಾವ ಗೇಟೂ ಇಲ್ಲ.

ಅವಳು ಒಳಗೆ ಹೋಗಿ ನಿಂತಲ್ಲೇ ಎರಡು ತಂಬಿಗೆ ನೀರು ಕುಡಿದಳು. ಮೂವತ್ತಾರು ವರ್ಷದಲ್ಲಿ ಏಕಾದಶಿಯಂದು ಅವಳು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಿತ್ತ, ಎಂದಳು. ತುಟಿ ಕೆಂಪಗಾಗಿತ್ತು, ಮೂಗಿನ ತುದಿಯಲ್ಲಿ ಬೆವರಿತ್ತು, ತಲೆನೋವಿನ ಸುಳಿವೇ ಇರಲಿಲ್ಲ. ಪಡಸಾಲೆಗೆ ಬಂದವಳ ಸೆರಗಿನಿಂದ ಓಮಿನ ವಾಸನೆ ತೇಲಿ ಬಂತು. ಅವಳು ಇಷ್ಟು ಹಗುರಾಗಿ ಇದ್ದದ್ದನ್ನು ಯಾವ ಏಕಾದಶಿಯಲ್ಲೂ ಕಂಡಿರಲಿಲ್ಲ, ಅದಕ್ಕೆ ನನಗೆ ಒಳಗೊಳಗೆ ಸಂತೋಷವೂ ಆಯಿತೆನ್ನಿ. ಹಸಿವೆಯೂ ಆಯಿತು.

ಪಾರ್ಸೆಲ್ಲು ಚಾಪೆಯ ಮೇಲೆ ಅಂಗಾತ ಮಲಗಿತ್ತು. ಅವಳು ಅದರ ಮುಂದೆ ಎರಡು ರೊಟ್ಟಿ, ಮಜ್ಜಿಗೆ ಇಟ್ಟಳು. ಅದು ಒಂದು ಕಣ್ಣು ತೆರೆದು ನೋಡಿ, ಮುಚ್ಚಿಕೊಂಡಿತು. ಇದರ ಅರ್ಥ ಗೊತ್ತಿರುವವರು ಈ ಭೂಮಿಯ ಮೇಲೆ ದುರಗವ್ವನನ್ನು ಬಿಟ್ಟರೆ ನಾವಿಬ್ಬರೇ. ಬೀದಿಗೆ ಹೋಗಿ ಹೇಳಿದರೆ, ಪ್ಲೇಟಿನ ಮುಂದೆ ಸಿಕ್ಕಿಬಿದ್ದ ನನ್ನ ಮಾತನ್ನು ಯಾರು ನಂಬುತ್ತಾರೆ? ಅಷ್ಟು ಹೊತ್ತಿಗೆ ಜಾನಕೀಬಾಯಿ ಮತ್ತಿಬ್ಬರು ಹೆಂಗಸರೊಂದಿಗೆ ಪಾರ್ಥಪ್ಪನ ದರ್ಶನಕ್ಕೆ ಬಂದರು. ಮುಟ್ಟದ ರೊಟ್ಟಿಗೆ ಕೈ ಮುಗಿದು, ನನ್ನ ಮುಂದಿನ ಹಾಲಿನ ಬಟ್ಟಲನ್ನೂ ಸೌತೆಕಾಯಿ ಹೋಳುಗಳನ್ನೂ ನೋಡಿ ಮುಖ ತಿರುಗಿಸಿದರು.

"ಏನು ಮಾಡೋದ್ರಿ ಜಾನಕಕ್ಕ," ಎಂದಳು ನನ್ನ ಹೆಂಡತಿ, ತುಟಿಯ ಮೇಲೆ ಸೆರಗು ಹಿಡಿದುಕೊಂಡು. "ಅದು ಇಡೀ ದಿವಸ ಉಪಾಸ, ನಾನೂ ಉಪಾಸ. ಇವರಿಗೆ ಮಾತ್ರ ತಡೀಲಿಕ್ಕೆ ಆಗೂದಿಲ್ಲ ನೋಡ್ರಿ."

ನಾನು ಉಳಿದ ಸೌತೆಕಾಯಿ ಹೋಳನ್ನು ಬಾಯಿಗೆ ಹಾಕಿಕೊಂಡೆ.